ಮೂರು ಬೆರಳಿನ ಬಾಗಿಲು

ಒಂದಾನೊಂದು ಕಾಲದಲ್ಲಿ, ಗೆರೆಗಳಿಗೂ ಜೀವವಿದ್ದ ಕಾಲದಲ್ಲಿ, ಕಬಿನಿ ಹೊಳೆಯ ದಡದಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆ ಹಸೆ ಬರೆದಳಂತೆ. ಅಕ್ಕಿಹಿಟ್ಟಿನಲ್ಲಿ ತಾವರೆ ಬರೆದಳು. ತಾವರೆಯ ಸುತ್ತ ಒಂದೇ ಗೆರೆ ಎಳೆದು, ಗೆರೆಯ ತುದಿಯನ್ನು ಅದರ ಬುಡಕ್ಕೇ ತಂದು ಮುಟ್ಟಿಸಿ, "ಭದ್ರವಾಯಿತು" ಅಂದಳು. ಹುಡುಗಿ ಬಂದು ಕೂತಳು. ಮೈ ಕೂತಿತು, ಜೀವ ಗೆರೆಯ ಹೊರಗೇ ಉಳಿಯಿತು. ಏಳು ದಿನ ಅವಳು ಗಂಡನ ಮನೆಯಲ್ಲಿ ಉಂಡಳು, ಉಟ್ಟಳು, ಯಾರು ಕರೆದರೂ ಓ ಅನ್ನಲಿಲ್ಲ. ಎಂಟನೆಯ ದಿನ ಹಸೆಯ ಹಿಟ್ಟು ತಿನ್ನಲು ಬಂದ ಇರುವೆಯೊಂದು ಗೆರೆಯನ್ನು ಮೂರು ಸುತ್ತು ಸುತ್ತಿ, "ಅಜ್ಜೀ, ಬಾಗಿಲಿಡದೆ ಮನೆ ಕಟ್ಟಿದರೆ ಬರುವವಳು ಎಲ್ಲಿಂದ ಬರಬೇಕು?" ಎಂದು ಕೇಳಿತಂತೆ. ಅಜ್ಜಿ ನಾಚಿಕೊಂಡು, ಹುಡುಗಿ ಕೂತಿದ್ದ ಕಡೆಯ ಗೆರೆಯನ್ನು ಮೂರು ಬೆರಳಗಲ ಒರೆಸಿದಳು. ಹೊರಗಿದ್ದ ಜೀವ ಒಳಗೆ ಬಂತು. ಹುಡುಗಿ ನಕ್ಕು, "ಸಾರಿಗೆ ಉಪ್ಪು ಸಾಲದು" ಅಂದಳಂತೆ.

ಅಂದಿನಿಂದ ಆ ವಂಶದ ಹಸೆಗೆ ಒಂದು ಬಾಗಿಲು. ಮನೆ ಬಿಟ್ಟು ಬರುವವರು ಯಾವ ಕಡೆ ಕೂರುತ್ತಾರೋ ಆ ಕಡೆಗೆ.

ಇರುವೆಗೆ ತಿಳಿದದ್ದು ಕಂಪ್ಯೂಟರಿಗೆ ತಿಳಿಯಲಿಲ್ಲ ಎಂಬಲ್ಲಿಂದ ಬಸವಯ್ಯನ ಕಷ್ಟ ಶುರುವಾಯಿತು.

ಬಸವಯ್ಯನಿಗೆ ಮೂವತ್ತಮೂರು. ತಾತನ ಹೆಸರಿಟ್ಟಿದ್ದರಿಂದ ತೊಟ್ಟಿಲಲ್ಲಿದ್ದಾಗಲೇ ಅವನನ್ನು ಜನ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ವಯನಾಡು ಜಿಲ್ಲೆ ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕದು. ಅಷ್ಟು ಚಿಕ್ಕ ಜಿಲ್ಲೆಗೆ ಕಲೆಕ್ಟರು ಸಿಕ್ಕಿದ್ದರು, ಬಸವಯ್ಯನಿಗೆ ಹೆಣ್ಣು ಸಿಕ್ಕಿರಲಿಲ್ಲ. ಮನೆ ಪೆರಿಕಲ್ಲೂರಿನಲ್ಲಿ, ಹೊಳೆಯ ಈಚೆ ದಡ. ಅಂಗಡಿ ಕೇಣಿಚಿರ ಜಂಕ್ಷನ್ನಿನಲ್ಲಿ, ಹಗ್ಗದ ಅಂಗಡಿ. "ಹುಡುಗ ಏನು ಮಾರ್ತಾನೆ?" ಎಂದು ಕೇಳಿ, "ಹಗ್ಗ" ಎಂಬ ಉತ್ತರ ಬಂದ ಕೂಡಲೇ ಹೆಣ್ಣಿನ ಕಡೆಯವರು ಮಳೆಯ ವಿಷಯ ಎತ್ತುತ್ತಿದ್ದರು. ಹೀಗೆ ಹನ್ನೊಂದು ಮನೆಗಳಲ್ಲಿ ಮಳೆಯ ವಿಷಯ ಕೇಳಿ ಬಂದವನಿಗೆ ಹನ್ನೆರಡನೆಯ ಮನೆಯಲ್ಲಿ ಭಾಗ್ಯಮ್ಮ ಒಪ್ಪಿದಳು.

ಭಾಗ್ಯಮ್ಮನದು ಬೈರಕುಪ್ಪೆ, ಹೊಳೆಯ ಆಚೆ ದಡ. ಹೆಗ್ಗಡದೇವನ ಕೋಟೆಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯಲ್ಲಿ ಕಂಪ್ಯೂಟರಿನ ಮೇಲೆ ಹೂಬಳ್ಳಿ ಬರೆಯುವ ಕೆಲಸ. ಅವಳನ್ನು ಸಾಕಿದವಳು ದೊಡ್ಡಮ್ಮ ನಾಗರತ್ನಮ್ಮ. ಮೂರು ಎಕರೆ, ಎರಡು ಎಮ್ಮೆ, ಒಂದು ಹಿಟ್ಟಿನ ಗಿರಣಿ ಇದ್ದ ಹೆಂಗಸು. ಇವಿಷ್ಟನ್ನೂ ನೋಡಿಕೊಳ್ಳಲು ಮನೆಯಳಿಯನೊಬ್ಬ ಬೇಕೆಂದು ಅವಳಿಗೆ ಬಹಳ ಆಸೆ. ಮೂರು ತಿಂಗಳು ಮಾತುಕತೆ ನಡೆಯಿತು. ಹೊಳೆಯ ಅಗಲ ಇನ್ನೂರು ಗಜವಾದರೂ ನಡುವೆ ಎರಡು ರಾಜ್ಯಗಳಿದ್ದುದರಿಂದ ಯಾರೂ ಬಿಟ್ಟುಕೊಡಲಿಲ್ಲ. ಜನ್ಮದಲ್ಲಿ ಯಾರಿಗೂ ಇಲ್ಲ ಅಂದಿರದ ಬಸವಯ್ಯ ಆ ಒಂದು ಸಲ ಇಲ್ಲ ಅಂದ. ಅಂದದ್ದು ನಿಂತಿತು. ಅದು ಅವನ ಬದುಕಿನ ಒಂದೇ ಗೆಲುವು. ಅದನ್ನು ಅವನು ಹೊಸ ಕೊಡೆಯಂತೆ ಜೋಪಾನ ಮಾಡುತ್ತಿದ್ದ.

"ಆಯ್ತು ಕಣಪ್ಪ, ಹುಡುಗಿ ನಿಮ್ಮನೆಗೇ ಬತ್ತಾಳೆ," ಅಂದಿದ್ದಳು ನಾಗರತ್ನಮ್ಮ. "ಆದ್ರೆ ಹಸೆ ನಮ್ಮ ವಂಶದ್ದೇ ಆಗ್ಬೇಕು. ಹಲಗೆ ಗಂಡಿಂದು, ಗೆರೆ ಹೆಣ್ಣಿಂದು. ಹಳೇ ಮಣೇನ ಗೆದ್ಲು ತಿಂದ್ಬುಡ್ತು, ಬಾಗ್ಲನ್ನೂ ಬಿಡ್ಲಿಲ್ಲ. ಈ ಸಲ ಹಲಸಿನ ಮರದಲ್ಲಿ ಕೆತ್ತಿಸ್ಬುಡು. ಮದುವೆ ಹಿಂದಿನ ದಿನ ಐದು ಗಂಟೆಗೆ ಬಂದು ನೋಡ್ತೀನಿ. ಹಸೆ ಇಲ್ಲ ಅಂದ್ರೆ ಮದುವೆ ಇಲ್ಲ. ಮುಂದಿನ ಮುಹೂರ್ತ ಬರೋ ವರ್ಷ ಮಾಘಕ್ಕೆ."

"ಐದಕ್ಕೆ ಇರ್ತದೆ ಅತ್ತೆ. ಮಾತು ಅಂದ್ರೆ ಮಾತು," ಅಂದಿದ್ದ ಬಸವಯ್ಯ.

ಗೆರೆ ಬಂದದ್ದು ಮದುವೆಯ ಹಿಂದಿನ ಬೆಳಿಗ್ಗೆ, ದೋಣಿಯಲ್ಲಿ. ದೋಣಿಯ ಚಿಕ್ಕಮಾದು ವೀಳ್ಯದೆಲೆಯ ಕಟ್ಟೊಂದನ್ನು ಕೈಗಿಟ್ಟು, "ತಗಳಪ್ಪ, ನಿನ್ನ ಹೆಂಡ್ತಿ ಗೆರೆ," ಅಂದ. ಬಿಚ್ಚಿದರೆ ಒಳಗೊಂದು ಕಪ್ಪು ಫ್ಲಾಪಿ. ಶುಭದ ವಸ್ತು ಹೊಳೆ ದಾಟುತ್ತಿದೆಯೆಂದು ನಾಗರತ್ನಮ್ಮ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಡುವೆ ಕುಂಕುಮ ಇಟ್ಟಿದ್ದಳು.

ಪಕ್ಕದ ಮನೆಯ ಕುಞ್ಞಿರಾಮನ್ ಮಾಷ್ ಬೇಲಿಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಲೆ ಊರಿನವರ ಕಷ್ಟಗಳಿಗೆ ಹಾಜರಿ ಹಾಕುವುದೇ ಅವರ ಕೆಲಸ. ಏನೇ ನಡೆದರೂ ಅದು ನಡೆಯುತ್ತದೆಂದು ತಾವು ಮೊದಲೇ ಹೇಳಿದ್ದುದಾಗಿ ಅವರಿಗೆ ನೆನಪಾಗುತ್ತಿತ್ತು.

"ರೇಖೆಯ ಕಾರ್ಯವಲ್ಲೇ? ನಾನೂ ಬರ್ತೇನೆ," ಎಂದು ಅವರು ಬಸವಯ್ಯನಿಗಿಂತ ಮುಂಚೆ ಬಸ್ಸಿನಲ್ಲಿ ಕೂತರು.

ಕೇಣಿಚಿರದಲ್ಲಿ ಹಗ್ಗದಂಗಡಿಯ ಪಕ್ಕದಲ್ಲೇ ಶ್ಯಾಮಳಳ ಕಂಪ್ಯೂಟರ್ ಸೆಂಟರ್. ಅರ್ಜಿ, ಚೀಟಿ, ಚರಮಗೀತೆ ಎಲ್ಲವೂ ಅಲ್ಲೇ ಅಚ್ಚಾಗುವುದು. ಅವಳು ಫ್ಲಾಪಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದೆಂದಾ ಬಸವಯ್ಯ ಚೇಟ್ಟಾ, ಇದಕ್ಕೆ ಪೂಜೆ ಮಾಡಿದ್ದೀರಾ?"

"ನಾನಲ್ಲ. ನಮ್ಮತ್ತೆ."

"ಮದುವೆಯೇ ಆಗಿಲ್ಲ, ಅತ್ತೆ ಆಗಲೇ ಬಂದರಾ?"

"ಅತ್ತೆ ಮೊದ್ಲು ಬತ್ತಾರೆ. ಹೆಂಡ್ತಿ ಆಮೇಲೆ."

ಫ್ಲಾಪಿಯನ್ನು ಒಳಗೆ ತಳ್ಳಿದಾಗ ಕಂಪ್ಯೂಟರು ಅಸ್ತಮಾ ಇದ್ದವರಂತೆ ಮೂರು ಸಲ ಕೆಮ್ಮಿತು. ಶ್ಯಾಮಳ ಅದನ್ನು ಹೊರತೆಗೆದು ಸೆರಗಿನಿಂದ ಕುಂಕುಮ ಒರೆಸಿ ಮತ್ತೆ ತಳ್ಳಿದಳು. ಈ ಸಲ ಕೆಮ್ಮಲಿಲ್ಲ, ಆದರೆ ಪರದೆಯ ಮೇಲೆ ಒಂದು ಚೌಕ ಬಂದು ನಿಂತಿತು.

"ಏನಂತದೆ?"

"ಗೊತ್ತಿಲ್ಲ ಅಂತದೆ," ಅಂದಳು ಶ್ಯಾಮಳ. "ಇದು ಹೊಸ ಪ್ರೋಗ್ರಾಮಿನಲ್ಲಿ ಬರೆದದ್ದು. ನನ್ನ ಹತ್ತಿರ ಇರುವುದು ಅದೇ ಪ್ರೋಗ್ರಾಮೇ, ಆದರೆ ಹಳೆಯದು. ಹೊಸದಕ್ಕೆ ಹಳೆಯದರ ಭಾಷೆ ತಿಳಿಯುತ್ತದೆ, ಹಳೆಯದಕ್ಕೆ ಹೊಸದರದ್ದು ತಿಳಿಯುವುದಿಲ್ಲ."

ಇದು ಬಸವಯ್ಯನಿಗೆ ಸಲೀಸಾಗಿ ಅರ್ಥವಾಯಿತು. ಸೊಸೆಗೆ ಅತ್ತೆಯ ಮಾತು ತಿಳಿಯುತ್ತದೆ, ಅತ್ತೆಗೆ ಸೊಸೆಯದು ತಿಳಿಯುವುದಿಲ್ಲ.

"ಹಳೆಯ ಥರದಲ್ಲಿ ಇನ್ನೊಂದು ಕಳಿಸೋಕೆ ಹುಡುಗಿಗೆ ಹೇಳಿ. ಎರಡು ನಿಮಿಷದ ಕೆಲಸ."

"ಅದಾಗಲ್ಲ. ಅರಿಶಿನ ಹಚ್ಚಿದ ಮೇಲೆ ತಾಳಿ ಕಟ್ಟೋ ತನಕ ಗಂಡು ಹೆಣ್ಣು ಮಾತಾಡಂಗಿಲ್ಲ."

"ಅತ್ತೆಗೆ ಹೇಳಿ ಕಳಿಸಿ."

"ಅತ್ತೆಗೆ ಹೇಳಿದ್ರೆ ಬರೋ ವರ್ಷ ಮಾಘ."

"ನಾನು ಮೊದಲೇ ಪರಞ್ಞಿಲ್ಲೇ?" ಅಂದರು ಮಾಷ್. ಅವರು ಬಸ್ಸಿನಲ್ಲಿ ನಿದ್ದೆ ಮಾಡಿದ್ದು ಬಿಟ್ಟರೆ ಏನೂ ಹೇಳಿರಲಿಲ್ಲ.

ಶ್ಯಾಮಳ ಹುಡುಕಿ ಹುಡುಕಿ ಕಡತದ ಹೊಸ್ತಿಲಲ್ಲಿ ಅಂಟಿಕೊಂಡಿದ್ದ ಅಂಚೆಚೀಟಿಯಷ್ಟು ಚಿತ್ರವೊಂದನ್ನು ಹೊರತೆಗೆದಳು. ಒಳಗೆ ಏನಿದೆಯೆಂದು ತೋರಿಸುವುದಕ್ಕೆ ಮಾತ್ರ ಇರುವ ಚಿತ್ರ. ಮೂವರೂ ಬಗ್ಗಿದರು. ನಡುವೆ ತಾವರೆ, ಎಡದ ಎಸಳಿಗೂ ಬಲದ ಎಸಳಿಗೂ ಕೂದಲಷ್ಟು ವ್ಯತ್ಯಾಸವಿಲ್ಲ. ಸುತ್ತ ಒಂದೇ ಗೆರೆ. ಗೆರೆಯ ಎಡಗಡೆ ಇರುವೆಯೊಂದು ತಲೆಯೆತ್ತಿಕೊಂಡು ನಡೆದುಹೋಗುವಷ್ಟು ಸಂದು.

"ಅದೇ! ಅದೇ ಬಾಗ್ಲು!" ಬಸವಯ್ಯ ಪರದೆಗೆ ಬೆರಳು ಚುಚ್ಚಿದ. "ಇದನ್ನೇ ಮೂರಡಿ ಮಾಡಿ ಕೊಡಿ ಸಾಕು."

ಶ್ಯಾಮಳ ಮೂರಡಿ ಮಾಡಿದಳು. ತಾವರೆ ಹೋಗಿ ಕರಿಬಿಳಿ ಚೌಕಗಳ ಮೆಟ್ಟಿಲಾಯಿತು. "ಇದರ ಮೇಲೆ ಕೂತು ಚದುರಂಗ ಆಡಬಹುದು, ಮದುವೆ ಆಗೋದು ಕಷ್ಟ," ಅಂದರು ಮಾಷ್.

ಬೇರೆ ಬಡಗಿಯಾಗಿದ್ದರೆ ಮೆಟ್ಟಿಲನ್ನು ಮನಸ್ಸಿನಲ್ಲೇ ದುಂಡಗೆ ಮಾಡಿಕೊಂಡು ಕೆತ್ತುತ್ತಿದ್ದನೇನೋ. ಆದರೆ ಪೆರಿಕಲ್ಲೂರಿನ ದಾಮೋದರನ್ ಆಶಾರಿ ಕಂಡದ್ದನ್ನೇ ಕೆತ್ತುವವನು. ಒಮ್ಮೆ ಮಾದರಿಯ ಕಾಗದದ ಮೇಲೆ ನೊಣವೊಂದು ಸತ್ತು ಅಂಟಿತ್ತು. ಇಂದಿಗೂ ಆ ಮನೆಯ ಮುಂಬಾಗಿಲ ಮೇಲೆ ಗಜಲಕ್ಷ್ಮಿಯ ಕಿವಿಯ ಹತ್ತಿರ ತೇಗದ ನೊಣ ಒಂದಿದೆ. ಆರೂ ಕಾಲುಗಳಿವೆ.

"ಫ್ಲಾಪಿಯಲ್ಲಿ ಇನ್ನೊಂದು ಕಡತವೂ ಇದೆ," ಅಂದಳು ಶ್ಯಾಮಳ. "ಹುಡುಗಿ ಬುದ್ಧಿವಂತೆ, ಅದೇ ಚಿತ್ರವನ್ನು ಎರಡು ಥರ ಬರೆದಿಟ್ಟಿದ್ದಾಳೆ. ಇದು ಮನೆ ಪ್ಲಾನ್ ಬರೆಯುವವರು ಓದುವ ಥರ. ನನ್ನದಕ್ಕೆ ಇದೂ ಬರುವುದಿಲ್ಲ. ಬತ್ತೇರಿಯಲ್ಲಿ ವಿಜಯನ್ ಇದ್ದಾರೆ, ಅವರ ಪ್ರೋಗ್ರಾಮು ಓದುತ್ತದೆ. ಅವರಿಂದ ಉಣ್ಣಿಗೆ ತಕ್ಕ ಹಾಗೆ ಬರೆಸಿಕೊಳ್ಳಿ. ಅದೇ ಊರಲ್ಲಿ ಜೀಪಿಗೆ ಸ್ಟಿಕ್ಕರ್ ಕತ್ತರಿಸುವ ಉಣ್ಣಿ. ಅವನ ಯಂತ್ರಕ್ಕೆ ಚಿತ್ರ ಬೇಡ, ಗೆರೆ ಬೇಕು. ಮೂರಡಿ ಅಚ್ಚು ಕತ್ತರಿಸಿ ಕೊಟ್ಟರೆ ಆಶಾರಿ ಹಲಗೆಗೆ ಅಂಟಿಸಿ ಕೆತ್ತಲಿ."

ಬತ್ತೇರಿಯ ಬಸ್ಸಿನಲ್ಲಿ ಬಸವಯ್ಯ ಯೋಚಿಸಿದ. ಪೆರಿಕಲ್ಲೂರಿನಲ್ಲಿ ದೋಣಿ ಹತ್ತಿದವನು ನಡುನೀರಿನಲ್ಲಿ ಮಲಯಾಳ ಬಿಟ್ಟು ಕನ್ನಡ ಹಿಡಿಯುತ್ತಾನೆ. ಅವನ ಮೂಗು ಅಲ್ಲೇ ಇರುತ್ತದೆ, ಕಿವಿ ಅಲ್ಲೇ ಇರುತ್ತದೆ. ಒಂದು ತಾವರೆಗೆ ಇಷ್ಟು ಕಷ್ಟ ಯಾಕೆ?

ವಿಜಯನ್ ಮಹಡಿಯ ಮೇಲಿನ ಕೋಣೆಯಲ್ಲಿ ಕೂತು ಪಂಚಾಯತಿಗೆ ಸಲ್ಲಿಸುವ ಮನೆ ನಕ್ಷೆಗಳನ್ನು ಬರೆಯುತ್ತಿದ್ದ. ತಲೆಯೆತ್ತದೆ ಫ್ಲಾಪಿ ತೆಗೆದುಕೊಂಡ. "ಯಾವ ವಾರ್ಡು?"

"ವಾರ್ಡಿಲ್ಲ. ತಾವರೆ."

ಕಡತ ತೆರೆಯಿತು. ಬಸವಯ್ಯನ ಕಣ್ಣು ತುಂಬಿ ಬಂತು. ಗೆರೆ ಗೆರೆಯಾಗಿಯೇ ಬಂದಿತ್ತು. ಆದರೆ ಎಸಳುಗಳ ಬಾಗು ಹೋಗಿ ಒಂದೊಂದೂ ಹಂಚಿನ ಮಾಡಿನಂತೆ ಮೂಲೆ ಮೂಲೆಯಾಗಿತ್ತು. ವಿಜಯನ್ ಅಳತೆ ಹಿಡಿದು ಹುಬ್ಬೇರಿಸಿದ.

"ಅಡ್ಡ ಒಂಬೈನೂರ ಹದಿನಾಲ್ಕು ಮೀಟರ್. ಇದು ಏನು, ಸ್ಟೇಡಿಯಮ್ಮಾ?"

"ಮೂರಡಿ ಮಣೆ."

"ಹುಡುಗಿ ಮಿಲ್ಲಿಮೀಟರಿನಲ್ಲಿ ಬರೆದಿದ್ದಾಳೆ. ನನ್ನದು ಮೀಟರ್ ಅಂತ ಓದಿದೆ. ಈ ಮಣೆ ಮಾಡಿಸಿದರೆ ಇಡೀ ಪುಲ್ಪಳ್ಳಿ ಕೂತು ಊಟ ಮಾಡಬಹುದು."

ಅವನು ಸಾವಿರದಿಂದ ಭಾಗಿಸಿದ. ಪುಲ್ಪಳ್ಳಿ ಎದ್ದು ಹೋಯಿತು. ಬಾಗುಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಮುರಿದು, ದೂರದಿಂದ ನೋಡಿದರೆ ದುಂಡಗೆ ಕಾಣುವ ಹಾಗೆ ಮಾಡಿದ. ಒಳ್ಳೆಯ ಕೆಲಸಗಾರ. ಆಮೇಲೆ ಅವನ ಕಣ್ಣು ಸಂದಿನ ಮೇಲೆ ಬಿತ್ತು.

"ಇದು?"

"ಬಾಗ್ಲು," ಅಂದ ಬಸವಯ್ಯ, ಮತ್ತು ಇರುವೆಯ ಕತೆಯನ್ನು ಮೊದಲಿನಿಂದ ಹೇಳಿದ.

ವಿಜಯನ್ ಗಂಭೀರವಾಗಿ ಕೇಳಿ, ಗಂಭೀರವಾಗಿ ತಲೆಯಾಡಿಸಿ, ಸಂದಿಗೆ ಒಂದು ಕದ ಬರೆದ. ಕದ ತೆರೆಯುವ ಕಮಾನನ್ನೂ ಎಳೆದ. "ಒಳಕ್ಕೆ ತೆರೆಯಬೇಕಾ, ಹೊರಕ್ಕಾ?"

"ಕದ ಬೇಡ ಸಾರ್!"

"ಕದ ಇಲ್ಲದ ಬಾಗಿಲಿಗೆ ಪಂಚಾಯತಿ ಒಪ್ಪುವುದಿಲ್ಲ."

"ಇದಕ್ಕೆ ಪಂಚಾಯ್ತಿ ಇಲ್ಲ, ಅತ್ತೆ ಅವ್ರೆ."

ಅದು ಹೆಚ್ಚಿನ ಅಧಿಕಾರವೆಂದು ಒಪ್ಪಿ ವಿಜಯನ್ ಕದ ಅಳಿಸಿದ. ಅವನ ಪ್ರೋಗ್ರಾಮಿಗೆ ಹತ್ತು ಬಗೆಯ ಕಡತ ಓದಲು ಬರುತ್ತಿತ್ತು, ಬರೆಯಲು ಬರುತ್ತಿದ್ದುದು ಎರಡೇ. ಉಣ್ಣಿಯ ಪ್ರೋಗ್ರಾಮಿಗೆ ಓದಲು ಬರುತ್ತಿದ್ದುದು ಮೂರು. ಎರಡು ಕಡೆಗೂ ಸೇರಿದ್ದು ಒಂದೇ ಒಂದು, ಎಲ್ಲಕ್ಕಿಂತ ಹಳೆಯದು, ಯಾರೂ ಬಳಸದೆ ಮೂಲೆಗೆ ಬಿದ್ದದ್ದು. ಅದರಲ್ಲಿ ಬರೆದುಕೊಟ್ಟ. ಮಾಷ್ ಮೆಟ್ಟಿಲಿಳಿಯುತ್ತ, "ಹಳೇದೇ ಕೊನೆಗೆ ಬೇಕಾಗೋದು ಅಂತ ನಾನು ಪರಞ್ಞಿಲ್ಲೇ?" ಅಂದರು.

ಉಣ್ಣಿಯ ಅಂಗಡಿಗೆ ಬರುವಾಗ ಹನ್ನೊಂದೂವರೆ. ಗೋಡೆಯ ತುಂಬ ಹುಲಿ, ಗರುಡ, ಶಿಲುಬೆ, ಓಂ, ಅಮ್ಮನ ಆಶೀರ್ವಾದ. ಉಣ್ಣಿ ಫ್ಲಾಪಿ ಹಾಕಿದ. ತಾವರೆ ಬಂತು, ತಲೆಕೆಳಗಾಗಿ, ಮರಕ್ಕೆ ನೇತುಬಿದ್ದ ಬಾವಲಿಯಂತೆ.

"ಇದ್ಯಾಕೆ ಹಿಂಗೆ?"

"ಕೊಳಪ್ಪಮಿಲ್ಲ ಚೇಟ್ಟಾ, ಹೀಗಾಗುವುದುಂಟು. ವಿಜಯನ್ ಸಾರಿನ ಪ್ರೋಗ್ರಾಮು ನೆಲದಿಂದ ಮೇಲಕ್ಕೆ ಎಣಿಸುತ್ತದೆ, ಮನೆ ಕಟ್ಟುವವರಲ್ಲವೇ. ನನ್ನದು ಸೂರಿನಿಂದ ಕೆಳಕ್ಕೆ ಎಣಿಸುತ್ತದೆ. ಅವರ ನೆಲ ನನಗೆ ಸೂರು." ಉಣ್ಣಿ ಯಾವುದೋ ಗುಂಡಿ ಹುಡುಕತೊಡಗಿದ. "ಇದನ್ನು ಸರಿ ಮಾಡುವ ಒಂದು..."

"ಹುಡುಕೋದೇನು ಬಂತು, ತಿರುಗಿಸು!" ಅಂದರು ಮಾಷ್. "ಮೂವತ್ತು ವರ್ಷ ಪಾಠ ಮಾಡಿದ್ದೇನೆ ಮೋನೆ. ತಟ್ಟೆ ತಿರುಗಿಸೋ ಹಾಗೆ ಅರ್ಧ ಸುತ್ತು. ಅಷ್ಟೇ."

ಉಣ್ಣಿ ಅರ್ಧ ಸುತ್ತು ತಿರುಗಿಸಿದ. ತಾವರೆ ನೆಟ್ಟಗೆ ನಿಂತಿತು. ಮಾಷ್ ಮೀಸೆಯ ಮೇಲೆ ಕೈಯಾಡಿಸಿದರು. ಬಸವಯ್ಯ ನೋಡಿದ್ದು ತಾವರೆಯನ್ನಲ್ಲ. ಗೆರೆಯ ಉದ್ದಕ್ಕೂ ಕಣ್ಣೋಡಿಸಿ ಬಾಗಿಲು ಹುಡುಕಿದ. ಬಾಗಿಲು ಇರಲಿಲ್ಲ.

"ಸಂದು ಎಲ್ಲೋಯ್ತು?"

"ಗೆರೆ ತೆರೆದಿತ್ತು, ಈಗ ತಾನೇ ಸೇರಿಸಿದೆ," ಅಂದ ಉಣ್ಣಿ, ಉಪಕಾರ ಮಾಡಿದವನ ದನಿಯಲ್ಲಿ.

"ಸೇರಿಸಬಾರ್ದು! ಬಿಚ್ಚಪ್ಪ!"

ಉಣ್ಣಿ ಬಿಚ್ಚಿದ. ಯಂತ್ರಕ್ಕೆ ಕಳಿಸಿದ. ಚಾಕು ತಾವರೆಯನ್ನು ಸರಸರನೆ ಕತ್ತರಿಸಿ, ಸುತ್ತಿನ ಗೆರೆ ಹಿಡಿದು ಹೊರಟು, ಸಂದಿನ ಮೇಲೆ ನಡೆದು ದಾಟಿ ಮುಚ್ಚಿಬಿಟ್ಟಿತು. ಹಾಳೆ ಹಾಳು.

"ನಾನೇನೂ ಮಾಡಿಲ್ಲ ಚೇಟ್ಟಾ. ಅದಕ್ಕೇ ತೆರೆದದ್ದು ಕಂಡರೆ ಆಗುವುದಿಲ್ಲ. ತೆರೆದ ಗೆರೆಯ ಸ್ಟಿಕ್ಕರಿನಲ್ಲಿ ಮಂಜು ನುಗ್ಗುತ್ತದೆ, ಎರಡು ತಿಂಗಳಿಗೆ ಕಿತ್ತು ಬರುತ್ತದೆ. ಮುಚ್ಚಿದರೆ ನಿಮಗೇನು ನಷ್ಟ?"

"ನನ್ನ ಹೆಂಡ್ತಿ ಜೀವ ಹೊರಗುಳೀತದೆ."

ಇದನ್ನು ಬಸವಯ್ಯ ಬಸ್ಸಿನ ವೇಳೆ ಹೇಳುವವನಷ್ಟೇ ಸಾದಾ ದನಿಯಲ್ಲಿ ಹೇಳಿದ. ಮತ್ತೆ ಇರುವೆಯ ಕತೆಯಾಯಿತು. ಕತೆ ಮುಗಿಯುವಾಗ ಉಣ್ಣಿಯ ಮುಖ ಬದಲಾಗಿತ್ತು. ಅವನು ಹೊಸ ಹಾಳೆ ಹಾಕಿ, "ಸೇರಿಸಿಕೊಳ್ಳಲಿ, ನೋಡೋಣ," ಎಂದು ಯಂತ್ರದ ಮೇಲೆ ಬಗ್ಗಿದ. ಚಾಕು ತಾವರೆ ಮುಗಿಸಿತು, ಗೆರೆ ಹಿಡಿಯಿತು, ಸುತ್ತಿ ಬಂತು. ಸಂದಿನ ಅಂಚು ಮುಟ್ಟಿದ ಕ್ಷಣ ಉಣ್ಣಿ ಎರಡು ಬೆರಳಲ್ಲಿ ಚಾಕುವಿನ ತಲೆಯನ್ನು ಮೇಲೆತ್ತಿ ಹಿಡಿದ. ಮಗುವಿನ ಬಾಯಿಂದ ಗೋಲಿ ತೆಗೆಯುವವರಂತೆ ಮೂವರೂ ಉಸಿರು ಬಿಗಿಹಿಡಿದರು. ಚಾಕು ಮೂರು ಬೆರಳಗಲ ಗಾಳಿಯನ್ನು ಕತ್ತರಿಸಿ ತನ್ನ ಮೂಲೆಗೆ ಹೋಗಿ ನಿಂತಿತು.

ಬಸವಯ್ಯ ಹಾಳೆಯ ಮೇಲೆ ಬೆರಳಿಟ್ಟು ಅಳೆದ. ಮೂರು. ಅವನು ಉಣ್ಣಿಯನ್ನು ಮದುವೆಗೆ ಕರೆದ. ಯಂತ್ರವನ್ನೂ ಕರೆಯುತ್ತಿದ್ದನೇನೋ, ಮಾಷ್ ತೋಳು ಹಿಡಿದು ಎಳೆದರು.

ಹಿಂತಿರುಗುವ ಬಸ್ಸಿನಲ್ಲಿ ಸುತ್ತಿದ ಹಾಳೆಯನ್ನು ಅವನು ನೆತ್ತಿಯ ಮೇಲೆ ಎತ್ತಿ ಹಿಡಿದು ನಿಂತಿದ್ದ. ಶುಂಠಿ ಮೂಟೆಯ ಮೇಲೆ ಕೂತಿದ್ದವನೊಬ್ಬ, "ಯಾವ ಪಾರ್ಟಿ?" ಎಂದು ಕೇಳಿದ. "ಹೆಣ್ಣಿನ ಪಾರ್ಟಿ," ಅಂದ ಬಸವಯ್ಯ.

ಎರಡೂವರೆಗೆ ದಾಮೋದರನ್ ಆಶಾರಿ ಹಾಳೆಯನ್ನು ಹಲಸಿನ ಹಲಗೆಗೆ ಅಂಟಿಸಿಕೊಂಡು ಕೂತ. ಹಲಗೆಯ ಒಂದಂಚಿನಲ್ಲಿ ದೀಪಕ್ಕೆ ಗುಳಿ ತೋಡಿ ಆಗಲೇ ಮುಗಿಸಿದ್ದ, ಅದು ತಲೆಯ ಕಡೆ. ತಾವರೆಯ ತಲೆ ದೀಪದ ಕಡೆ, ಬುಡ ಕೂರುವವರ ಕಡೆ. ಸಂದು ನೋಡಿ ಅವನು ಒಂದು ಮಾತೂ ಕೇಳಲಿಲ್ಲ. ಇಡೀ ದಿನದಲ್ಲಿ ಕೇಳದವನು ಅವನೊಬ್ಬನೇ. ಗೆರೆ ಇದ್ದಲ್ಲಿ ಉಳಿ ಹೋಯಿತು, ಗೆರೆ ಇಲ್ಲದಲ್ಲಿ ಹೋಗಲಿಲ್ಲ. ಬಸವಯ್ಯ ಹಾಳೆಯ ಮೇಲೆ ನೊಣ ಕೂರದಂತೆ ಎರಡು ಗಂಟೆ ಬೀಸಣಿಗೆ ಬೀಸಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಕೆತ್ತನೆ ಮುಗಿಯಿತು. ಐದಕ್ಕೆ ಐದು ನಿಮಿಷವಿರುವಾಗ ಎಣ್ಣೆ ಒರೆಸಿ, ಮಣೆಯನ್ನು ಅಂಗಳದ ಚಪ್ಪರದಡಿ ಇಟ್ಟರು. ಐದಕ್ಕೆ ಸರಿಯಾಗಿ ನಾಗರತ್ನಮ್ಮ ಹೊಳೆಯ ದಡ ಹತ್ತಿ ಬಂದಳು. ಅಂಗಳದಲ್ಲಿದ್ದ ಮೂವತ್ತು ಜನ ನೆಂಟರು ಸರಿದು ದಾರಿ ಬಿಟ್ಟರು.

ಅವಳು ದೀಪ ಹಚ್ಚಿ ಗುಳಿಯಲ್ಲಿಟ್ಟಳು. ಬಗ್ಗಿ, ತೋರುಬೆರಳನ್ನು ಗೆರೆಯ ಮೇಲಿಟ್ಟು ಸುತ್ತ ನಡೆಸಿಕೊಂಡು ಹೋದಳು. ಬೆರಳು ಬಾಗಿಲಲ್ಲಿ ನಿಂತಿತು. ಮೂರು ಬೆರಳು ಜೋಡಿಸಿ ಸಂದಿಗೆ ಇಟ್ಟಳು. ಸಂದು ಅವಳ ಬೆರಳಿಗಾಗಿಯೇ ಹುಟ್ಟಿದ ಹಾಗಿತ್ತು.

"ಮೂರು ಬೆಳ್ಳು," ಅಂದಳು. "ಕೂದ್ಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಬಸವಯ್ಯ ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರನ್ನು ಬಿಟ್ಟ.

ನಾಗರತ್ನಮ್ಮ ಮೇಲೇಳಲಿಲ್ಲ. "ಬಸವಯ್ಯ," ಅಂದಳು, ದನಿ ಯಾಕೋ ಒದ್ದೆಯಾಗಿತ್ತು. "ನಮ್ಮಲ್ಲಿ ಹೆಣ್ಣು ಯಾವ ಕಡೆ ಕೂರೋದು?"

"ಎಡಕ್ಕೆ ಅತ್ತೆ."

"ಗಂಡು?"

"ಬಲಕ್ಕೆ."

"ಬಾಗ್ಲು ಯಾವ ಕಡೆ ಅದೆ?"

ಬಸವಯ್ಯ ನೋಡಿದ. ತಾವರೆ ನೆಟ್ಟಗಿತ್ತು, ದೀಪ ನೆಟ್ಟಗಿತ್ತು. ಬಾಗಿಲು ಬಲಕ್ಕಿತ್ತು.

ಚಪ್ಪರದಾಚೆ ಕಬಿನಿ ಕಾಣುತ್ತಿತ್ತು. ಆಚೆ ದಡದ ಬಿದಿರುಮೆಳೆ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಕುಞ್ಞಿರಾಮನ್ ಮಾಷ್ ಆ ಬಿಂಬವನ್ನೇ ನೋಡುತ್ತ, ಮನಸ್ಸಿನಲ್ಲೇ ಅದನ್ನು ಹಿಡಿದು ಅರ್ಧ ಸುತ್ತು ತಿರುಗಿಸಿ ನೆಟ್ಟಗೆ ನಿಲ್ಲಿಸಿದರು. ಎಡಗಡೆಯ ಬಿದಿರು ಬಲಗಡೆ ಬಂತು. ತಲೆಕೆಳಗಾದ ಬಿಂಬವನ್ನು ಮಗುಚಿ ಹಾಕಬೇಕು, ತಿರುಗಿಸಬಾರದು. ಏಳನೆಯ ತರಗತಿಯ ಪಾಠ. ಮಾಷ್ ಬಾಯಿ ತೆರೆದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಇದನ್ನು ಮೊದಲೇ ಹೇಳಿರಲಿಲ್ಲ.

"ಅತ್ತೆ, ಅದು ಯಂತ್ರದ..." ಅಂದ ಬಸವಯ್ಯ.

"ಏನೂ ಹೇಳ್ಬೇಡ ಕಣಪ್ಪ!" ನಾಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರು ತಿಂಗ್ಳು ನಿನ್ನ ಕಲ್ಲು ಅಂತ ಬೈಕಂಡು ತಿರುಗ್ದೆ. ಬಾಯಲ್ಲಿ ಒಪ್ಕೊಳಾಕೆ ನಾಚ್ಕೊಂಡು ಹಸೇಲಿ ಬರೆಸಿದೀಯಲ್ಲ! ಬಾಗ್ಲು ಗಂಡಿನ ಕಡೆ ಅಂದ್ರೆ ಏನರ್ಥ? ಗಂಡು ಮನೆ ಬಿಟ್ಟು ಬತ್ತಾನೆ ಅಂತ. ನಮ್ಮ ವಂಶದಲ್ಲಿ ಯಾವ ಅಳೀನೂ ಇಷ್ಟು ಮರ್ವಾದಿಯಾಗಿ ಒಪ್ಕೊಂಡಿಲ್ಲ."

ಅಂಗಳದಲ್ಲಿ ಗುಜುಗುಜು ಎದ್ದಿತು. "ದೊಡ್ಡ ಮನಸ್ಸು," ಅಂದ ಯಾರೋ. ಬಸವಯ್ಯನ ಅವ್ವ ಮೂಗೊರೆಸಿಕೊಳ್ಳುತ್ತ, "ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮಗ," ಅಂದಳು. ಆದರೆ ಅವಳ ಮುಖದಲ್ಲೂ ಹೆಮ್ಮೆಯೇ ಇತ್ತು.

"ಮಣೇನ ತಿರುಗಿಸಿ ಇಟ್ರೆ?" ಎಂದು ಬಸವಯ್ಯ ಕ್ಷೀಣವಾಗಿ ಕೇಳಿದ.

"ತಾವರೆ ತಲೆಕೆಳಗಾದ್ರೆ ಲಕ್ಷ್ಮಿ ಎಲ್ಲಿ ಕೂತಾಳು?"

"ನಾವು ಕಡೆ ಬದಲಾಯಿಸಿ ಕೂತ್ರೆ?"

"ಹೆಣ್ಣು ಬಲಕ್ಕೆ ಕೂತದ್ದು ಎಲ್ಲಾದ್ರೂ ಉಂಟಾ? ತಮಾಸೆ ಬೇಡ."

ಬಸವಯ್ಯ ಆಶಾರಿಯ ಕಡೆ ನೋಡಿದ. ಗೆರೆ ತುಂಬಿಸಿ ಇನ್ನೊಂದು ಬಾಗಿಲು ತೋಡಲು ಸಾಧ್ಯವೇ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ದಾಮೋದರನ್ ಆಶಾರಿ ಉಳಿಯನ್ನು ಬಟ್ಟೆಯಲ್ಲಿ ಸುತ್ತುತ್ತ, "ಹಾಳೆಯಲ್ಲಿ ಇದ್ದದ್ದೇ ಹಲಗೆಯಲ್ಲಿ ಇದೆ," ಅಂದ. ಅವನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಬಸವಯ್ಯ ಒಂದು ಸಲ ಬಾಯಿ ತೆರೆದ. ಇಲ್ಲ ಅನ್ನಬೇಕಿತ್ತು. ಜನ್ಮಕ್ಕೆ ಒಂದೇ ಎಂದು ದೇವರು ಕೊಟ್ಟಿದ್ದ ಇಲ್ಲವನ್ನು ಅವನು ಮೂರು ತಿಂಗಳ ಹಿಂದೆಯೇ ಖರ್ಚು ಮಾಡಿಯಾಗಿತ್ತು.

"ಐದಕ್ಕೆ ಅಂದಿದ್ದೆ, ಐದಕ್ಕೇ ಮುಗಿಸಿದೀಯ," ಅಂದಳು ನಾಗರತ್ನಮ್ಮ. "ಮಾತು ಅಂದ್ರೆ ಮಾತು. ಚಿಕ್ಕಮಾದೂ, ಮಣೆ ಎತ್ತಪ್ಪ. ದೋಣೀಲಿ ಜಾಗ ಅದೆ, ಬಸವಯ್ಯನ ಪೆಟ್ಟಿಗೇನೂ ಇಟ್ಬುಡು. ಖಾಲಿ ಯಾಕೆ ಹೋಗ್ಬೇಕು?"

ಮಣೆಯನ್ನು ದೋಣಿಯ ನಡುವೆ ಇಟ್ಟರು. ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ಇಟ್ಟು ಕಟ್ಟಿದರು. ಹಗ್ಗ ಬಸವಯ್ಯನ ಅಂಗಡಿಯದೇ, ಒಳ್ಳೆಯ ಹಗ್ಗ. ಚಿಕ್ಕಮಾದು ಬಿದಿರಿನ ಗಳವನ್ನು ನೀರಿಗೆ ಊರುವ ಹೊತ್ತಿಗೆ, ಹಲಸಿನ ಮರದ ಸಿಹಿ ವಾಸನೆಗೆ ಎಲ್ಲಿಂದಲೋ ಇರುವೆಯೊಂದು ಬಂದು ಹಲಗೆ ಹತ್ತಿತು. ಗೆರೆಯನ್ನು ಮೂರು ಸುತ್ತು ಸುತ್ತಿತು. ಬಲಗಡೆ ಬಾಗಿಲು ಕಂಡು, ನೆಟ್ಟಗೆ ಒಳಗೆ ಹೋಯಿತು.